ಗಡಿಯಾರದಮ್ಮ ಇಟ್ಟ ಒಂಬತ್ತು ಗಂಟೆ

ಬಂದರಿನ ಹಳೆಯ ಬೀದಿಯಲ್ಲಿ ನಲವತ್ತು ವರ್ಷ ಒಂದು ಗಡಿಯಾರ ರಿಪೇರಿ ಅಂಗಡಿ ಇತ್ತು. ಬೋರ್ಡಿನ ಮೇಲೆ ಗಂಡನ ಹೆಸರು, ಒಳಗಿನ ಕೆಲಸ ಹೆಂಡತಿಯದು. ಗಂಡ ಮುಂದಿನ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಜೊತೆ ಲೋಕಾಭಿರಾಮವಾಗಿ ಹರಟುತ್ತಿದ್ದರು. ಹೆಂಡತಿ ಹಿಂದಿನ ಮೇಜಿನಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಕೂದಲಿನಷ್ಟು ತೆಳುವಾದ ಸ್ಪ್ರಿಂಗನ್ನು ಚಿಮಟದಿಂದ ಎತ್ತಿ ಅದರ ಜಾಗದಲ್ಲಿ ಕೂರಿಸುತ್ತಿದ್ದರು. ಗಿರಾಕಿಗಳು ‘ಯಜಮಾನರ ಕೈಗುಣ ಚೆನ್ನಾಗಿದೆ’ ಎಂದು ಗಂಡನನ್ನೇ ಹೊಗಳಿ ಹೋಗುತ್ತಿದ್ದರು. ಆ ಮಹಾಶಯರೂ ಸಂಕೋಚವಿಲ್ಲದೆ ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದರು! ಆದರೆ ಬೀದಿಯವರು ಕುರುಡರಲ್ಲ. ಗಂಡನಿಗೆ ಹೊಗಳಿಕೆ ಸಿಕ್ಕಿದರೆ ಹೆಂಡತಿಗೆ ಹೆಸರು ಸಿಕ್ಕಿತು. ಎಲ್ಲರ ಬಾಯಲ್ಲೂ ಆಕೆ ಗಡಿಯಾರದಮ್ಮ.

ಜನ ಜೇಬಿನ ಫೋನು ನೋಡಿಯೇ ಗಂಟೆ ತಿಳಿದುಕೊಳ್ಳುವ ಕಾಲ ಬಂದ ಮೇಲೆ ಅಂಗಡಿಗೆ ನೊಣವೂ ಬರದಂತಾಯಿತು. ಇನ್ನೇನು ಬಾಗಿಲು ಹಾಕಬೇಕು ಎನ್ನುವಾಗ ಒಬ್ಬ ಹೆಂಗಸು ಬಂದಳು. ಮೂವತ್ತರ ಆಸುಪಾಸು, ಬಿಸಿಲಿಗೆ ಸುಲಿದ ಮೂಗು, ಕೈಯಲ್ಲಿ ಮೊಳದುದ್ದದ ಬಿಳಿ ಪ್ಲಾಸ್ಟಿಕ್ ಕೊಳವೆ. ಅದರ ಮುಚ್ಚಳದ ಒಂದು ಸಣ್ಣ ತಿರುಪು ಕಡಲಿಗೆ ಬಿದ್ದುಹೋಗಿತ್ತು. ಎಲ್ಲಿ ಹುಡುಕಿದರೂ ಅಷ್ಟು ಸಣ್ಣದು ಸಿಕ್ಕಿರಲಿಲ್ಲ. ಗಡಿಯಾರದಮ್ಮ ಡಬ್ಬಿಯಿಂದ ಒಂದನ್ನು ತೆಗೆದು, ಅರದಿಂದ ನಾಲ್ಕು ಸಲ ಉಜ್ಜಿ, ಕೂರಿಸಿಕೊಟ್ಟರು. ಆಮೇಲೆ ಕೇಳಿದರು:

“ಇದೇನಮ್ಮಾ ಇದು? ಫ್ಲಾಸ್ಕಾ?”

“ಅಲ್ಲಮ್ಮ, ರೆಕಾರ್ಡರ್. ನೀರಿನೊಳಗಿಂದ ಕೇಳುತ್ತೆ.”

“ಏನು ಕೇಳುತ್ತೆ?”

“ಕಡಲಹಂದಿ ಮಾತಾಡೋದನ್ನ.”

ಗಡಿಯಾರದಮ್ಮನಿಗೆ ಅಂದು ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ.

ಕಡಲಹಂದಿ ಎಂದರೆ ಡಾಲ್ಫಿನ್‌ನ ದಾಯಾದಿ, ಪುಸ್ತಕದವರು ಪಾರ್ಪಾಯ್ಸ್ ಎನ್ನುತ್ತಾರೆ. ಡಾಲ್ಫಿನ್‌ನಂತೆ ನೆಗೆದು ಕುಣಿದು ಚಪ್ಪಾಳೆ ಗಿಟ್ಟಿಸುವ ಜಾತಿಯಲ್ಲ. ಮೊಂಡು ಮೂತಿ, ಸಂಕೋಚದ ಸ್ವಭಾವ. ಬೆನ್ನನ್ನು ಒಂದು ಕ್ಷಣ ತೋರಿಸಿ, ‘ಫುಸ್’ ಎಂದು ಉಸಿರು ಬಿಟ್ಟು ಮಾಯವಾಗುತ್ತದೆ. ನೀರಿನೊಳಗೆ ಮಾತ್ರ ಸುಮ್ಮನಿರುವುದಿಲ್ಲ, ಟಿಕ್ ಟಿಕ್ ಟಿಕ್ ಎಂದು ಸದ್ದು ಬಿಡುತ್ತಲೇ ಇರುತ್ತದೆ. ಆ ಸದ್ದು ಮೀನಿಗೆ ತಾಗಿ ಹಿಂದಿರುಗಿ ಬಂದರೆ ಅದಕ್ಕೆ ಊಟ, ಬಾರದಿದ್ದರೆ ಉಪವಾಸ. ನಮ್ಮ ಕಿವಿಗೆ ನಿಲುಕದಷ್ಟು ಕೀರಲು ಸದ್ದದು. ಕೊಳವೆಗೆ ಕೇಳುತ್ತದೆ, ಕೇಳಿದ್ದನ್ನು ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ. ನಲವತ್ತು ವರ್ಷ ಟಿಕ್ ಟಿಕ್ ಕೇಳಿಕೊಂಡೇ ಬದುಕಿದ ಹೆಂಗಸಿಗೆ ಇಂಥ ಪ್ರಾಣಿ ಇಷ್ಟವಾಗದೆ ಇನ್ನೇನಾಗುತ್ತದೆ?

ಕೊಳವೆ ತಂದವಳು ಕಡಲಹಂದಿಯ ಸಂಶೋಧಕಿ. ಅವಳ ಬಳಿ ದುಡ್ಡಿಗೆ ಕೆಲಸ ಮಾಡುವವರು ಯಾರೂ ಇರಲಿಲ್ಲ. ಇದ್ದವರೆಲ್ಲ ಸ್ವಯಂಸೇವಕರು: ನಿವೃತ್ತ ಪೋಸ್ಟ್‌ಮನ್, ಒಬ್ಬ ನರ್ಸು, ಕ್ಷೌರದ ಅಂಗಡಿಯವನು, ಹೀಗೆ ಇಪ್ಪತ್ತು ಚಿಲ್ಲರೆ ಮಂದಿ. ದಿನಕ್ಕೊಬ್ಬರು ಕಡಲ ಗೋಡೆಯ ಮೇಲೆ ಕೂತು ಅರ್ಧ ಗಂಟೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೀರು ನೋಡಬೇಕು, ಕಂಡದ್ದನ್ನು ಹಾಳೆಯಲ್ಲಿ ಬರೆಯಬೇಕು. ಏನೂ ಕಾಣದಿದ್ದರೆ ಸೊನ್ನೆ ಬರೆಯಬೇಕು. ಈ ಸೊನ್ನೆಯ ವಿಷಯದಲ್ಲಿ ಸಂಶೋಧಕಿ ಬಲು ಬಿಗಿ. “ಕಾಣಲಿಲ್ಲ ಅಂತ ಹಾಳೆ ಖಾಲಿ ಬಿಡಬೇಡಿ. ನೀವು ನೋಡಿದ್ರಿ, ಇರಲಿಲ್ಲ, ಅದೂ ಒಂದು ಸುದ್ದಿನೇ,” ಎನ್ನುತ್ತಿದ್ದಳು. ಗಡಿಯಾರದಮ್ಮ ಗಂಡನನ್ನೂ ಎಳೆದುಕೊಂಡು ಹೋಗಿ ಈ ಕೆಲಸಕ್ಕೆ ಹಚ್ಚಿದರು. ಹರಟೆಯ ಮನುಷ್ಯ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ನೋಡಲೆಂದೇ ಕೆಲವರು ಗೋಡೆಯ ಹತ್ತಿರ ಬಂದದ್ದುಂಟು.

ಗಡಿಯಾರದಮ್ಮನ ಪಾಲಿಗೆ ಕೊಳವೆ. ಎರಡು ತಿಂಗಳಿಗೊಮ್ಮೆ ದೋಣಿಯವನ ಜೊತೆ ಹೋಗಿ ಅದನ್ನು ಮೇಲೆತ್ತಬೇಕು, ಅಂಟಿದ ಪಾಚಿ ಕೆರೆಯಬೇಕು, ಬ್ಯಾಟರಿ ಬದಲಿಸಬೇಕು, ಮತ್ತೆ ಇಳಿಸಬೇಕು. ಇದಕ್ಕೆ ಅವರು ತಮ್ಮದೇ ಒಂದು ಪದ್ಧತಿ ಸೇರಿಸಿದರು. ಇಳಿಸುವ ಮುನ್ನ ಕೊಳವೆಗೆ ಸ್ಟೀಲ್ ಚಮಚದಿಂದ ಐದು ಸಲ ಕುಟ್ಟುವುದು, ಕುಟ್ಟಿದ ಗಂಟೆ ನಿಮಿಷವನ್ನು ಕೈಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಎತ್ತಿದ ಮೇಲೆ ರೆಕಾರ್ಡಿನಲ್ಲಿ ಆ ಐದು ಕುಟ್ಟು ಎಷ್ಟು ಗಂಟೆಗೆ ಬಿದ್ದಿವೆ ಎಂದು ನೋಡಿದರೆ ಕೊಳವೆಯ ಗಡಿಯಾರ ಓಡಿದೆಯೋ ಕುಂಟಿದೆಯೋ ತಿಳಿಯುತ್ತದೆ. ಮೊದಲು ಇದನ್ನು ಕಂಡು ನಕ್ಕ ದೋಣಿಯವನು ಆಮೇಲೆ ತಾನೇ ಚಮಚ ಒರೆಸಿ ಕೊಡತೊಡಗಿದ. ಏಳು ವರ್ಷದಲ್ಲಿ ನಲವತ್ತೊಂದು ಸಲ ಕೊಳವೆ ಇಳಿಯಿತು, ನಲವತ್ತೊಂದು ಸಲವೂ ಚಮಚ ಬಡಿಯಿತು. ಮಳೆಯಿರಲಿ ಗಾಳಿಯಿರಲಿ, ಆಕೆ ಒಮ್ಮೆಯೂ ತಪ್ಪಿಸಲಿಲ್ಲ. ಇಂಥವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ಎಂಟನೆಯ ವರ್ಷ ಬಂದರು ಕಚೇರಿಯವರು ಒಳಗಿನ ಕೊಲ್ಲಿಯಲ್ಲಿ ಹೊಸ ಜೆಟ್ಟಿ ಕಟ್ಟಲು ಹೊರಟರು. ಕಡಲತಳಕ್ಕೆ ಉಕ್ಕಿನ ಕಂಬಗಳನ್ನು ಯಂತ್ರದ ಸುತ್ತಿಗೆಯಿಂದ ಹೊಡೆದು ಇಳಿಸಬೇಕು. ಆ ಹೊಡೆತ ನೀರಿನಲ್ಲಿ ಹರದಾರಿಗಟ್ಟಲೆ ಓಡುತ್ತದೆ. ಹತ್ತಿರವಿದ್ದ ಕಡಲಹಂದಿಯ ಕಿವಿ ಹೋಗುತ್ತದೆ, ಕಿವಿಯಿಂದಲೇ ಊಟ ಹುಡುಕುವ ಪ್ರಾಣಿಗೆ ಕಿವಿ ಹೋದರೆ ಹೊಟ್ಟೆಯೂ ಹೋದಂತೆ. ಸಂಶೋಧಕಿ ಏಳು ವರ್ಷದ ಹಾಳೆ, ರೆಕಾರ್ಡು ಎಲ್ಲ ಹೊತ್ತುಕೊಂಡು ಕಚೇರಿಗೆ ಅಲೆದಳು. ಗುತ್ತಿಗೆದಾರನ ಕಡೆಯವನು “ಇವೆಲ್ಲ ಹೊತ್ತು ಹೋಗದವರ ಲೆಕ್ಕ,” ಎಂದು ಮೂಗು ಮುರಿದ. ಆದರೆ ಬಂದರು ಎಂಜಿನಿಯರ್ ಹಾಳೆಗಳನ್ನು ತಿರುವಿ ಹಾಕಿ ಒಂದು ದಾರಿ ತೆಗೆದರು: ಒಳಕೊಲ್ಲಿಯಲ್ಲಿ ಕೊಳವೆ ಇಳಿಸಿ, ಕಡಲಹಂದಿ ಯಾವ ಹೊತ್ತಿಗೆ ಬರುತ್ತದೆ ತೋರಿಸಿ, ಆ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಹೊಡೆಸುತ್ತೇನೆ.

ನಾಲ್ಕು ತಿಂಗಳು ಕೊಳವೆ ಒಳಕೊಲ್ಲಿಯಲ್ಲಿ ಕೂತು ಕೇಳಿತು. ಉತ್ತರ ನೀರಿನಷ್ಟೇ ತಿಳಿಯಾಗಿತ್ತು. ದಿನಾ ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಕಡಲಹಂದಿಗಳು ಬರುತ್ತವೆ, ರಾತ್ರಿ ಒಂದೂ ಇಲ್ಲ. ಸರಿ, ಕಂಬ ಹೊಡೆಯುವುದು ರಾತ್ರಿ ಏಳರಿಂದ ಎಂದು ಆದೇಶವಾಯಿತು. ಸ್ವಯಂಸೇವಕರೆಲ್ಲ ಸೇರಿ ಚಹಾ ಕುಡಿದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು.

ಗಡಿಯಾರದಮ್ಮನ ಗಂಡನೊಬ್ಬರೇ ಮುಖ ಊದಿಸಿಕೊಂಡಿದ್ದರು. ಆ ನಾಲ್ಕು ತಿಂಗಳೂ ಒಳಕೊಲ್ಲಿಯ ಗೋಡೆಯ ಮೇಲೆ ಬೆಳಗ್ಗೆ ಒಂಬತ್ತರಿಂದ ಕಾವಲು ಕೂತವರು ಅವರೇ. ಅವರ ಹಾಳೆಗಳ ತುಂಬ ಬರೀ ಸೊನ್ನೆ. ಕೊಳವೆ ನೋಡಿದರೆ ‘ದಿನಾ ಬಂದಿವೆ’ ಎನ್ನುತ್ತದೆ, ಈತ ನೋಡಿದರೆ ‘ಒಂದೂ ಬಂದಿಲ್ಲ’ ಎನ್ನುತ್ತಾರೆ. ಪೋಸ್ಟ್‌ಮನ್ ಅವರಿಗೆ ‘ಸೊನ್ನೆ ಸಾಹೇಬರು’ ಎಂದು ಬಿರುದು ಕೊಟ್ಟ. ಕ್ಷೌರದವನು ಕನ್ನಡಕದ ಅಂಗಡಿಯ ದಾರಿ ಹೇಳಿಕೊಟ್ಟ. ಮನೆಯಲ್ಲೂ ಸಮಾಧಾನವಿಲ್ಲ.

“ನಿದ್ದೆ ಹೊಡೀತಿದ್ರೇನೋ,” ಎಂದರು ಗಡಿಯಾರದಮ್ಮ, ಬಟ್ಟೆ ಮಡಿಸುತ್ತಾ.

“ನೂರ ಹತ್ತು ದಿನ ನಿದ್ದೆ ಹೊಡೆದ್ನಾ? ನೋಡೇ, ನಾನು ಸುಳ್ಳು ಹೇಳ್ತೀನಿ, ಒಪ್ತೀನಿ. ಅಂಗಡೀಲಿ ಎಷ್ಟು ಹೇಳಿಲ್ಲ! ಆದ್ರೆ ಆ ಹಾಳೆ ಮೇಲೆ ಒಂದೂ ಸುಳ್ಳು ಬರ್ದಿಲ್ಲ.”

ಗಂಡ ಕೋಪ ಮಾಡಿಕೊಳ್ಳುವುದು ಅಪರೂಪ. ಗಡಿಯಾರದಮ್ಮ ಮಡಿಸುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ಸಂಶೋಧಕಿಯ ಕೋಣೆಗೆ ನಡೆದರು. ಮೀನು ಮಾರುಕಟ್ಟೆಯ ಮಾಳಿಗೆಯ ಮೇಲಿನ ಇಕ್ಕಟ್ಟು ಕೋಣೆ ಅದು, ಒಂದು ಕಂಪ್ಯೂಟರ್, ಎರಡು ಕುರ್ಚಿ, ಗೋಡೆಗೆ ಒರಗಿಸಿದ ಹಗ್ಗದ ಸುರುಳಿಗಳು. ಸಂಶೋಧಕಿ ಒಳಕೊಲ್ಲಿಯ ರೆಕಾರ್ಡು ತೆಗೆದು ಕೊಟ್ಟಳು. ಗಡಿಯಾರದಮ್ಮ ಮೊದಲು ಹುಡುಕಿದ್ದು ತಮ್ಮ ಐದು ಕುಟ್ಟುಗಳನ್ನು.

ಸಿಕ್ಕವು. ನೋಟ್‌ಬುಕ್ಕಿನಲ್ಲಿ ಒಂಬತ್ತು ಹತ್ತು, ರೆಕಾರ್ಡಿನಲ್ಲಿಯೂ ಒಂಬತ್ತು ಹತ್ತು. ನಿಮಿಷಕ್ಕೆ ನಿಮಿಷ ಹೊಂದಿತ್ತು. ಹಿಂದೆಯೂ ಹೀಗೇ ನೋಡಿ ‘ಸರಿ’ ಎಂದು ಗೀಟು ಹಾಕಿದ್ದರು. ಈ ಸಲ ಭೂತಗನ್ನಡಿ ಹಾಕಿ ನೋಡಿದರು. ರೆಕಾರ್ಡಿನ ಒಂಬತ್ತು ಹತ್ತರ ಪಕ್ಕದಲ್ಲಿ ಸಾಸಿವೆ ಗಾತ್ರದ ಒಂದು ಚುಕ್ಕೆ.

“ಈ ಚುಕ್ಕೆ ಏನಮ್ಮಾ?”

“ಅದಾ? ಚುಕ್ಕೆ ಇದ್ರೆ ಮಧ್ಯಾಹ್ನ ಹನ್ನೆರಡರ ನಂತರ ಅಂತ. ಅಂದ್ರೆ ರಾತ್ರಿ ಒಂಬತ್ತು…”

ಕೊಳವೆ ಇಳಿಸಿದ್ದು ಬೆಳಗ್ಗೆ. ರಾತ್ರಿ ಒಂಬತ್ತಕ್ಕೆ ಯಾರೂ ದೋಣಿ ಬಿಟ್ಟಿರಲಿಲ್ಲ.

ನಡೆದದ್ದು ಇಷ್ಟು. ಒಳಕೊಲ್ಲಿಗೆ ಕೊಳವೆ ಇಳಿಸುವ ದಿನ ಅದರ ಗಡಿಯಾರ ನಿಂತುಹೋಗಿತ್ತು. ಹೊಸದಾಗಿ ಗಂಟೆ ಇಡಬೇಕಿತ್ತು. ಅದನ್ನು ಯಾವಾಗಲೂ ಕಂಪ್ಯೂಟರಿನಿಂದ ಇಡುವವಳು ಸಂಶೋಧಕಿ, ಅಂದು ಅವಳಿಗೆ ಜ್ವರ. ಕೊಳವೆಯ ತಲೆಯ ಮೇಲಿನ ಎರಡು ಗುಂಡಿ ಒತ್ತಿಯೂ ಇಡಬಹುದು ಎಂದು ಫೋನಿನಲ್ಲಿ ಹೇಳಿದ್ದಳು. ದೋಣಿಯವನು “ಅಮ್ಮಾ, ಇನ್ನೊಂದ್ಸಲ ಅವರನ್ನ ಕೇಳೋಣ್ವಾ?” ಎಂದ. “ಗಂಟೆ ಇಡೋದನ್ನ ನಂಗೆ ಹೇಳ್ಕೊಡ್ತೀಯೇನಪ್ಪಾ?” ಎಂದು ಗಡಿಯಾರದಮ್ಮ ಅವನ ಬಾಯಿ ಮುಚ್ಚಿಸಿದ್ದರು. ಮುಳ್ಳಿನ ಗಡಿಯಾರಕ್ಕೆ ಇರುವುದು ಹನ್ನೆರಡೇ ಗಂಟೆ. ಅದಕ್ಕೆ ಹಗಲೂ ಒಂದೇ, ರಾತ್ರಿಯೂ ಒಂದೇ. ಸಾವಿರಾರು ಗಡಿಯಾರಗಳಿಗೆ ಒಂಬತ್ತು ಗಂಟೆ ಇಟ್ಟ ಆ ಕೈ ಇಲ್ಲಿಯೂ ಒಂಬತ್ತು ಗಂಟೆ ಇಟ್ಟಿತ್ತು. ಗುಂಡಿಗಳ ಪಕ್ಕದ ಪುಟ್ಟ ಪರದೆಯ ಮೂಲೆಯಲ್ಲಿ ಚುಕ್ಕೆ ಕಂಡಿರಲಿಲ್ಲ ಎಂದಲ್ಲ. ಕಂಡಿತ್ತು. ನೀರಿನ ಹನಿಯಿರಬೇಕೆಂದು ಕರವಸ್ತ್ರದಿಂದ ಒರೆಸಿದ್ದರು. ಹೋಗದಿದ್ದಾಗ, ಗಾಜಿನ ಕಲೆಯಿರಬೇಕೆಂದು ಸುಮ್ಮನಾಗಿದ್ದರು.

ಕೊಳವೆಗೆ ಹಗಲು ರಾತ್ರಿ ಅದಲುಬದಲಾಗಿತ್ತು. ಅಂದರೆ ಬೆಳಗ್ಗೆ ಎಂಟರಿಂದ ಹನ್ನೊಂದು ಎಂದು ಎಲ್ಲರೂ ನಂಬಿದ್ದು ರಾತ್ರಿ ಎಂಟರಿಂದ ಹನ್ನೊಂದು. ಗೋಡೆಯ ಮೇಲೆ ಕೂತ ಮನುಷ್ಯ ಸೊನ್ನೆ ಎನ್ನುತ್ತಲೇ ಇದ್ದರು. ಆದರೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಎಲ್ಲರೂ ಕೊಳವೆಯ ಮಾತನ್ನೇ ಕಟ್ಟಿಕೊಂಡು ಕುಣಿದಿದ್ದರು. ಇನ್ನು ಹದಿನೆಂಟು ದಿನಕ್ಕೆ ಸುತ್ತಿಗೆ ಏಳುತ್ತದೆ, ಕಡಲಹಂದಿಗಳು ಮರಿ ಕಟ್ಟಿಕೊಂಡು ಕೊಲ್ಲಿಗೆ ಬರುವ ಹೊತ್ತಿಗೇ ಸರಿಯಾಗಿ.

ಗಡಿಯಾರದಮ್ಮ ಮನೆಗೆ ಬಂದು ಮೊದಲು ಮಾಡಿದ ಕೆಲಸ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತದ್ದು.

“ರೀ, ನಿಮ್ಮ ಸೊನ್ನೆ ಸರಿ ಇತ್ತು. ನನ್ನ ಒಂಬತ್ತೇ ತಪ್ಪು. ಹೊಟ್ಟೆಗೆ ಹಾಕ್ಕೊಳ್ಳಿ.”

ಮದುವೆಯಾದಾಗಿನಿಂದ ಗಡಿಯಾರದ ವಿಷಯದಲ್ಲಿ ಹೆಂಡತಿಯ ಬಾಯಿಂದ ಇಂಥ ಮಾತು ಬಂದಿರಲಿಲ್ಲ. ಗಂಡ ಬಾಯ್ತುಂಬ ನಗಬಹುದಿತ್ತು, ಸೇಡು ತೀರಿಸಿಕೊಳ್ಳಬಹುದಿತ್ತು. ಎರಡನ್ನೂ ಮಾಡದೆ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು. ಹರಟೆಮಲ್ಲನಾದರೂ ಮನುಷ್ಯ ಒಳ್ಳೆಯವರು.

ಮರುದಿನ ಸಂಶೋಧಕಿಯ ಕೋಣೆಯಲ್ಲಿ ಸಭೆ. ಹೇಳಬೇಕೇ ಬೇಡವೇ ಎಂಬುದೇ ಮಾತು. ಹೇಳದಿದ್ದರೆ ಸುತ್ತಿಗೆ ಕಡಲಹಂದಿಗಳ ತಲೆಯ ಮೇಲೇ ಬೀಳುತ್ತದೆ. ಹೇಳಿದರೆ ಗುತ್ತಿಗೆದಾರನ ಕಡೆಯವನು ‘ನಾನು ಆಗಲೇ ಹೇಳಲಿಲ್ಲವೇ’ ಎಂದು ಏಳು ವರ್ಷದ ಕೆಲಸವನ್ನೆಲ್ಲ ಕಸದ ಬುಟ್ಟಿಗೆ ಹಾಕಿಸುತ್ತಾನೆ, ಆಮೇಲೆ ಹಗಲೂ ರಾತ್ರಿ ಹೊಡೆದರೂ ಕೇಳುವವರಿಲ್ಲ. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ,” ಎಂದು ಪೋಸ್ಟ್‌ಮನ್ ನಿಟ್ಟುಸಿರು ಬಿಟ್ಟ. ಇಲ್ಲಿ ಅಡಿಕೆಯೂ ಅಲ್ಲ, ಒಂದು ಚುಕ್ಕೆ.

“ಹೇಳೋದಂತೂ ಹೇಳ್ಬೇಕು,” ಎಂದರು ಗಡಿಯಾರದಮ್ಮ. “ಆದ್ರೆ ಬರಿಗೈಲಿ ಹೋಗೋದು ಬೇಡ. ನಂಗೆ ಹತ್ತು ದಿನ ಕೊಡಿ.”

ಆ ಹತ್ತು ದಿನ ಆಕೆ ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಬೆಳಗ್ಗೆ ಎಂಟಕ್ಕೆ ಮಾಳಿಗೆ ಹತ್ತಿದರೆ ಮಾರುಕಟ್ಟೆ ತೊಳೆಯುವ ಹೊತ್ತಿಗೆ ಇಳಿಯುವುದು. ಏಳು ವರ್ಷದ ನಲವತ್ತೊಂದು, ಒಳಕೊಲ್ಲಿಯ ಎರಡು, ಒಟ್ಟು ನಲವತ್ತಮೂರು ಸಲದ ರೆಕಾರ್ಡುಗಳನ್ನೂ ಒಂದೊಂದಾಗಿ ತೆಗೆದು, ಚಮಚದ ಕುಟ್ಟು ಹುಡುಕಿ, ಗಂಟೆ ನೋಡಿ, ನಿಮಿಷ ನೋಡಿ, ಚುಕ್ಕೆ ನೋಡಿ, ನೋಟ್‌ಬುಕ್ಕಿಗೆ ಹೋಲಿಸಿದರು. ಅರವತ್ತೊಂಬತ್ತು ವರ್ಷದ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಸಂಶೋಧಕಿ “ನಾನು ನೋಡ್ತೀನಿ, ಬಿಡಿ ಅಮ್ಮ,” ಎಂದರೆ, “ನನ್ನ ಮೇಲೆ ನಂಬಿಕೆ ಇಟ್ಟು ನೀನು ನೋಡದೇ ಬಿಟ್ಟಿದ್ದಕ್ಕೇ ಇಷ್ಟಾಗಿದ್ದು. ನಾನು ನೋಡಿದ ಮೇಲೆ ನೀನೂ ನೋಡು,” ಎಂದರು. ಹತ್ತನೆಯ ದಿನ ಲೆಕ್ಕ ಮುಗಿಯಿತು. ನಲವತ್ತೊಂದು ಸರಿ. ತಪ್ಪಿದ್ದು ಒಳಕೊಲ್ಲಿಯ ಎರಡೇ.

ಬಂದರು ಕಚೇರಿಯ ಸಭಾಕೋಣೆಯಲ್ಲಿ ಉದ್ದನೆಯ ಮೇಜು, ಹಿಂದೆ ಕಿರ್‌ಗುಟ್ಟುವ ಫ್ಯಾನು. ಒಂದು ಕಡೆ ಎಂಜಿನಿಯರ್, ಗುತ್ತಿಗೆದಾರನ ಕಡೆಯವನು. ಇನ್ನೊಂದು ಕಡೆ ಸಂಶೋಧಕಿ, ಗಡಿಯಾರದಮ್ಮ, ಅವರ ಯಜಮಾನರು. ಸಂಶೋಧಕಿ ತಾನು ಬರೆದು ತಂದ ಪತ್ರ ಓದಿದಳು. “ಉಪಕರಣದ ಗಡಿಯಾರದಲ್ಲಿ ಕಂಡುಬಂದ ತಾಂತ್ರಿಕ ದೋಷದಿಂದಾಗಿ ಒಳಕೊಲ್ಲಿಯ ಸಮಯಗಳು ಹನ್ನೆರಡು ಗಂಟೆ ಏರುಪೇರಾಗಿವೆ…” ಗಡಿಯಾರದಮ್ಮನ ಹೆಸರನ್ನು ಉಳಿಸಲೆಂದೇ ಅವಳು ಹಾಗೆ ಬರೆದಿದ್ದಳು, ಆಕೆಗೆ ಮೊದಲೇ ತೋರಿಸಿರಲಿಲ್ಲ.

ಗುತ್ತಿಗೆದಾರನ ಕಡೆಯವನಿಗೆ ಹಬ್ಬವಾಯಿತು. “ತಾಂತ್ರಿಕ ದೋಷ! ಕೇಳಿದ್ರಾ ಸಾರ್? ಗಡಿಯಾರನೇ ಕೆಟ್ಟಿದೆ ಅಂದ್ಮೇಲೆ ಏಳು ವರ್ಷದ್ದೂ ಕೆಟ್ಟಿದ್ದೇ.”

ಎಂಜಿನಿಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವರು ಹೇಳೋದ್ರಲ್ಲಿ ತಪ್ಪಿಲ್ಲಮ್ಮ. ಯಂತ್ರ ಒಂದ್ಸಲ ಕೈ ಕೊಟ್ರೆ ಎಲ್ಲೆಲ್ಲಿ ಕೈ ಕೊಟ್ಟಿದೆ ಅಂತ ಹೇಗೆ ಹೇಳ್ತೀರಾ? ನಾನು ಇದನ್ನೆಲ್ಲ ಕೈಬಿಡಬೇಕಾಗುತ್ತೆ.”

ಗಡಿಯಾರದಮ್ಮ ಎದ್ದು ನಿಂತರು.

“ಸಾರ್, ಆ ಮಾತು ಹೊಡೆದು ಹಾಕಿ. ಗಡಿಯಾರ ಕೆಟ್ಟಿರಲಿಲ್ಲ. ನಾನು ಹೇಗೆ ಇಟ್ನೋ ಹಾಗೇ ಒಂದು ನಿಮಿಷ ಆಚೀಚೆ ಆಗದೆ ನಾಲ್ಕು ತಿಂಗಳು ಓಡಿದೆ. ರಾತ್ರಿ ಅಂತ ಇಟ್ಟವಳು ನಾನು. ದೋಣಿಯವನು ಇನ್ನೊಂದ್ಸಲ ಕೇಳೋಣ ಅಂದ, ಜಂಬದಿಂದ ಅವನ ಬಾಯಿ ಮುಚ್ಚಿಸಿದವಳೂ ನಾನೇ. ಯಂತ್ರ ಕೆಟ್ಟಿತ್ತು ಅಂದ್ರೆ ನೀವು ಏಳು ವರ್ಷಾನೂ ಅನುಮಾನ ಪಡ್ಬೇಕು, ನಿಜ. ಆದ್ರೆ ತಪ್ಪು ನಂದು. ನಾನು ಕೈಯಾರೆ ಗಂಟೆ ಇಟ್ಟಿದ್ದು ಒಂದೇ ಸಲ, ಅದರಿಂದ ಹಾಳಾಗಿದ್ದು ಎರಡು ರೆಕಾರ್ಡು. ಮಿಕ್ಕಿದ್ದು ನಲವತ್ತೊಂದಿವೆ, ಯಾವುದು ಬೇಕಾದ್ರೂ ತೆಗೆಸಿ ನೋಡಿ. ನೋಡದೆ ನಂಬಿ ಅಂತ ಕೇಳ್ತಿಲ್ಲ.”

ನಲವತ್ತು ವರ್ಷ ಬೀದಿಯಲ್ಲಿ ಗಳಿಸಿದ ಹೆಸರನ್ನು ಗಡಿಯಾರದ ವಿಷಯದಲ್ಲೇ ಕಳೆದುಕೊಳ್ಳುವುದು ಎಂಥ ಸಂಕಟ ಎಂದು ಪಕ್ಕದಲ್ಲಿ ಕೂತ ಗಂಡನಿಗೆ ಗೊತ್ತಿತ್ತು. ಹೆಂಡತಿ ಕೂತ ಮೇಲೆ ಅವರು ಮೇಜಿನ ಕೆಳಗೆ ಆಕೆಯ ಕೈ ಹಿಡಿದುಕೊಂಡರು.

ಎಂಜಿನಿಯರ್ ನೋಟ್‌ಬುಕ್ಕುಗಳನ್ನು ಎಳೆದುಕೊಂಡು ಕಣ್ಣು ಮುಚ್ಚಿ ಐದು ಪುಟ ತೆಗೆದರು. ಸಂಶೋಧಕಿ ಆ ಐದು ರೆಕಾರ್ಡುಗಳನ್ನು ಹಾಕಿದಳು. ಟಣ್ ಟಣ್ ಟಣ್ ಟಣ್ ಟಣ್ ಎಂದು ಚಮಚದ ಸದ್ದು ಕೋಣೆಯ ತುಂಬ ಕೇಳಿತು. ಪ್ರತಿ ಸಲವೂ ಗಂಟೆ ಹೊಂದಿತು, ನಿಮಿಷ ಹೊಂದಿತು, ಚುಕ್ಕೆ ಇರಬಾರದ ಕಡೆ ಇರಲಿಲ್ಲ. ಗುತ್ತಿಗೆದಾರನ ಕಡೆಯವನು ತಾನೂ ಒಂದು ಪುಟ ಆರಿಸುತ್ತೇನೆಂದ. ಅದೂ ಹೊಂದಿತು.

“ನಾನು ಈ ಕುರ್ಚೀಲಿ ಕೂತು ಇಪ್ಪತ್ತಾರು ವರ್ಷ ಆಯ್ತು,” ಎಂದರು ಎಂಜಿನಿಯರ್. “ದೋಣಿ ಗುದ್ದಿದವನು ‘ಬ್ರೇಕ್ ಹಿಡೀಲಿಲ್ಲ’ ಅಂತ ಹೇಳಿದ್ದೂ ಕೇಳಿದ್ದೀನಿ, ದೋಣಿಗೆ ಬ್ರೇಕೇ ಇರಲ್ಲ! ಯಂತ್ರ ಸರಿ ಇತ್ತು, ತಪ್ಪು ನಂದು ಅಂದವರು ನೀವೇ ಮೊದಲು. ಮಿಕ್ಕಿದ್ದನ್ನ ನಾನು ನಂಬ್ತೀನಮ್ಮ. ಕಂಬ ಹಗಲು ಹೊತ್ತಲ್ಲಿ ಹೊಡೀಲಿ, ಐದಕ್ಕೆ ನಿಲ್ಲಿಸಲಿ.”

“ಸಾರ್, ಹಗಲು ದೋಣಿಗಳ ಓಡಾಟ…” ಎಂದು ಗುತ್ತಿಗೆದಾರನ ಕಡೆಯವನು ರಾಗ ಎಳೆದ.

“ದೋಣಿಗಳಿಗೆ ದಾರಿ ಬಿಡಿಸಿಕೊಡೋದು ನನ್ನ ಕೆಲಸ,” ಎಂದರು ಎಂಜಿನಿಯರ್.

ಹೊಸ ಪತ್ರವನ್ನು ಗಡಿಯಾರದಮ್ಮ ತಾವೇ ಹೇಳಿ ಬರೆಸಿದರು. ‘ತಾಂತ್ರಿಕ ದೋಷ’ ಹೋಯಿತು, ಆ ಜಾಗದಲ್ಲಿ ಆಕೆಯ ಹೆಸರು ಬಂತು. ಕೆಳಗೆ ದುಂಡಗೆ ಸಹಿ ಹಾಕಿದರು. ಅಂದಿನಿಂದ ಕೊಳವೆಗೆ ಗಂಟೆ ಇಡುವಾಗ ಇಬ್ಬರು ಇರಬೇಕು, ಇಬ್ಬರೂ ಗಟ್ಟಿಯಾಗಿ ಬೆಳಗ್ಗೆಯೋ ರಾತ್ರಿಯೋ ಹೇಳಬೇಕು ಎಂಬ ನಿಯಮವನ್ನೂ ಆಕೆಯೇ ಮಾಡಿದರು. ಬೀದಿಯವರು ಬಿಡುತ್ತಾರೆಯೇ? ‘ಗಡಿಯಾರದಮ್ಮಾ, ಈಗ ಬೆಳಗ್ಗೆನಾ ರಾತ್ರಿನಾ?’ ಎಂದು ಕಂಡಲ್ಲೆಲ್ಲ ಕೆಣಕಿದರು. ಮೊದಮೊದಲು ಆಕೆಗೆ ಚುಚ್ಚುತ್ತಿತ್ತು. ಆಮೇಲೆ ಆಕಾಶ ನೋಡಿ ಉತ್ತರ ಹೇಳುವುದನ್ನು ಕಲಿತರು.

ಸುತ್ತಿಗೆ ಎದ್ದು ಎರಡು ತಿಂಗಳಾದ ಮೇಲೆ ಒಳಕೊಲ್ಲಿಯ ಕೊಳವೆ ಮೇಲೆ ಬಂತು. ಮಾಳಿಗೆಯ ಕೋಣೆಯಲ್ಲಿ ಎಲ್ಲರೂ ಕಿಕ್ಕಿರಿದರು. ಎಂಜಿನಿಯರ್ ಕೂಡ ಮೆಟ್ಟಿಲು ಹತ್ತಿ ಬಂದು ಹಗ್ಗದ ಸುರುಳಿಯ ಮೇಲೆ ಕೂತರು. ಪರದೆಯ ಮೇಲೆ ಎಂಟರಿಂದ ಐದರ ತನಕ ಸುತ್ತಿಗೆಯ ಹೊಡೆತ ಗೋಡೆ ಕಟ್ಟಿದಂತೆ ನಿಂತಿತ್ತು. ಐದರ ನಂತರ ಏನೂ ಇಲ್ಲ. ಆರು, ಏಳು, ಏನೂ ಇಲ್ಲ. ಈ ಗದ್ದಲಕ್ಕೆ ಹೆದರಿ ಕಡಲಹಂದಿಗಳು ಕೊಲ್ಲಿಯನ್ನೇ ಬಿಟ್ಟು ಹೋದವೇನೋ ಎಂದು ಗಡಿಯಾರದಮ್ಮ ಪರದೆಗೆ ಮೂಗು ತಾಗುವಷ್ಟು ಬಾಗಿದರು. ಎಂಟು ಹದಿನಾಲ್ಕಕ್ಕೆ ತೆಳುವಾದ ಗೆರೆಗಳು ಶುರುವಾದವು, ಒತ್ತಾದವು, ಒಂದರ ಮೇಲೊಂದು ಬಿದ್ದವು.

“ಒಂದಲ್ಲ, ಎರಡಿರಬೇಕು. ತಾಯಿ ಮರಿ ಇದ್ರೂ ಇರಬಹುದು,” ಎಂದಳು ಸಂಶೋಧಕಿ ಮೆಲ್ಲಗೆ.

“ರಾತ್ರಿ ಎಂಟು ತಾನೇ?” ಎಂದರು ಎಂಜಿನಿಯರ್. ಎಲ್ಲರೂ ಗೊಳ್ಳೆಂದು ನಕ್ಕರು.

ಗಡಿಯಾರದಮ್ಮ ನಗಲಿಲ್ಲ. ಭೂತಗನ್ನಡಿ ಹಾಕಿ ಚುಕ್ಕೆ ನೋಡಿದರು. ಪಕ್ಕಕ್ಕೆ ಸರಿದು ದೋಣಿಯವನಿಗೂ ತೋರಿಸಿದರು. ಅವನು ನೋಡಿ ತಲೆಯಾಡಿಸಿದ.

“ರಾತ್ರಿನೇ,” ಎಂದರು ಆಕೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.